ಎಡ ಮಗ್ಗುಲು

ಡನೀಡನ್ನಿನ ಬೀದಿಗಳು ಕಡಿದು.
ಕುಡಿದವರಿಗೆ ಇಳಿಯುವುದು ಸಲೀಸು,
ಹತ್ತುವಾಗಲೇ ಪಜೀತಿ.
ಅದಕ್ಕೇ ಶನಿವಾರ ರಾತ್ರಿ ಎರಡರ ಮೇಲೆ
ನನ್ನ ಹಾಸ್ಟೆಲಿನ ಮೆಟ್ಟಿಲಲ್ಲಿ
ಒಂಟಿ ಚಪ್ಪಲಿ, ಯಾರದೋ ಕೋಟು,
ತಣ್ಣಗಾದ ಆಲೂಗಡ್ಡೆಯ ಪೊಟ್ಟಣ,
ಕೆಲವೊಮ್ಮೆ ಇಡಿಯ ಒಬ್ಬ ಹುಡುಗ.

ನಾನು ಮೆರಿಯಾನ, ರಾತ್ರಿ ಪಾಳಿಯವಳು.
ನನ್ನ ಬಳಿ ಇರುವುದು ಒಂದು ಬಕೀಟು, ನಾಲ್ಕು ಕಂಬಳಿ,
ಒಂದೇ ಒಂದು ವಿದ್ಯೆ:
ಬಿದ್ದವರನ್ನು ಎಡ ಮಗ್ಗುಲಿಗೆ ಹೊರಳಿಸುವುದು.
ಮೇಲಿನ ಮೊಣಕಾಲು ಮುಂದಕ್ಕೆ,
ಅಂಗೈ ಕೆನ್ನೆಯಡಿಗೆ, ಬಾಯಿ ನೆಲದ ಕಡೆಗೆ,
ಕೂಸನ್ನು ತೊಟ್ಟಿಲಲ್ಲಿ ಹೊರಳಿಸಿದ ಹಾಗೆ.
ಈ ಕೂಸು ಎಂಬತ್ತು ಕೇಜಿ, ರಗ್ಬಿ ಆಡುತ್ತದೆ,
ನನ್ನ ಬೂಟಿಗೆ ವಾಂತಿ ಮಾಡಿ
ಸಾರಿ ಆಂಟೀ ಅನ್ನುತ್ತದೆ.

ಎಡ ಮಗ್ಗುಲಲ್ಲಿ ಎದ್ದರೆ
ದಿನವೆಲ್ಲ ಕೆಡುತ್ತದೆ ಅನ್ನುತ್ತಿದ್ದಳು ನಮ್ಮಜ್ಜಿ.
ಕೆಡಲಿ ಅಜ್ಜಿ.
ಕೆಡುವುದಕ್ಕೆ ಒಂದು ದಿನ ಇರಲಿ ಮೊದಲು.

ಲಾಕ್ಲನ್‌ಗೆ ಇರಲಿಲ್ಲ.
ಮುನ್ನೂರ ಹದಿನಾಲ್ಕನೇ ಕೋಣೆ, ಕಾಲೇಜು ಶುರುವಾದ ವಾರ,
ಸೂಟ್‌ಕೇಸಿನಲ್ಲಿ ಬಟ್ಟೆ ಮಡಿಸಿದ ಹಾಗೇ ಇತ್ತು.
ವೋಡ್ಕಾ, ಅದರ ಮೇಲೆ ಯಾರೋ ಕೊಟ್ಟ ನೀಲಿ ಮಾತ್ರೆ.
ಅಂಗಾತ ಮಲಗಿದ್ದ.
ಗೆಳೆಯರಿಬ್ಬರು ಪಕ್ಕದಲ್ಲೇ ಎಚ್ಚರವಿದ್ದರು,
ಗೊರಕೆ ಕೇಳಿ ಸಮಾಧಾನಪಟ್ಟರು.
ಅದು ಗೊರಕೆಯಲ್ಲವೆಂದು
ಹದಿನೆಂಟರ ಮಕ್ಕಳಿಗೆ ಯಾರು ಹೇಳಿದ್ದರು?

ಫೋನು ಮಂಚದ ಮೇಲೇ ಇತ್ತು.
ಯಾಕೆ ಕರೆಯಲಿಲ್ಲ ಎಂದಾಗ
ಟೆವಿಟಾ, ಟೋಂಗಾದಿಂದ ಸ್ಕಾಲರ್‌ಶಿಪ್ಪಿನ ಮೇಲೆ ಬಂದವನು,
ಬಾಗಿಲ ಹಿಂದಿನ ನಿಯಮಾವಳಿಯನ್ನು ತೋರಿಸಿದ.
ಏಳನೇ ಕಲಮು. ಮಾದಕ ವಸ್ತು: ಹೊರಹಾಕಲಾಗುವುದು.
ಅಷ್ಟೇ.
ಓದಲು ಬಂದ ಹುಡುಗ, ಓದಿಕೊಂಡಿದ್ದ.

ಆಮೇಲೆ ಸಮಿತಿ. ಸಮಿತಿಗೆ ಬಿಸ್ಕತ್ತು.
ಗೋಡೆಗೆ ಪೋಸ್ಟರು: ಒಡೆದ ಬಾಟಲಿ, ಅಳುವ ತಾಯಿ.
ವಾರದೊಳಗೆ ತಾಯಿಗೆ ಮೀಸೆ ಬಂತು.
ಪಾಳಿ ಮುಗಿಸಿ, ಹಿಂದಿನ ಕುರ್ಚಿಯಲ್ಲಿ ಕೂತು
ನಾನು ಕೇಳಿದ್ದು ಒಂದು ಸಾಲು:
ಕರೆದವರಿಗೂ, ಯಾರಿಗಾಗಿ ಕರೆದರೋ ಅವರಿಗೂ
ಶಿಕ್ಷೆ ಇಲ್ಲ.
ಕುಡಿಯಲು ಪರವಾನಗಿ ಕೊಟ್ಟಂತಾಗದೇ, ಅಂದರು ಡೀನ್.
ಒಳ್ಳೆಯ ಮನುಷ್ಯ, ಟೈ ತುಂಬ ಪುಟ್ಟ ಬಾತುಕೋಳಿ.
ಪರವಾನಗಿ ಕೇಳಿ ಕುಡಿದವರನ್ನು
ನಾನಿನ್ನೂ ನೋಡಿಲ್ಲ ಸರ್, ಅಂದೆ.
ಆ ಒಂದು ಸಾಲಿಗೆ ಎರಡು ಚಳಿಗಾಲ ಹಿಡಿಯಿತು.

ಅಷ್ಟರೊಳಗೆ ಶುಕ್ರವಾರದ ರಾತ್ರಿ
ಅಡುಗೆಮನೆ ತೆರೆದಿಡಲು ಶುರುಮಾಡಿದೆ. ಟೋಸ್ಟು, ಬೆಣ್ಣೆ, ಇಸ್ಪೀಟು.
ಕುಡಿಯದ ಮಕ್ಕಳು ಒಬ್ಬೊಬ್ಬರೇ ಇಳಿದು ಬಂದರು,
ಈ ಕಟ್ಟಡದಲ್ಲಿ ತಾನೊಬ್ಬಳೇ, ತಾನೊಬ್ಬನೇ ಎಂದುಕೊಂಡು.
ಕುರ್ಚಿ ಸಾಲಲಿಲ್ಲ.

ಟೆವಿಟಾಗೆ ಈಗ ಮೂರನೇ ವರ್ಷ.
ಮೊದಲ ವಾರ ಹೊಸಬರೆದುರು ತಾನೇ ನೆಲಕ್ಕೊರಗಿ
ಹೊರಳಿಸಿ ನೋಡಿ, ಅನ್ನುತ್ತಾನೆ.
ಆ ಗುಡ್ಡವನ್ನು ಕದಲಿಸಲು ಮೂವರು ಬೇಕು, ಎಲ್ಲರಿಗೂ ನಗು.
ಅವನು ಕಣ್ಣು ತೆರೆಯುವುದಿಲ್ಲ.

ಈ ಜುಲೈ, ಮೂಳೆ ಕೊರೆಯುವ ದಕ್ಷಿಣದ ಗಾಳಿ.
ಎರಡೂ ನಲವತ್ತಕ್ಕೆ ಫೋನು. ಹುಡುಗಿಯ ದನಿ:
ನಾನೂ ತಗೊಂಡಿದ್ದೀನಿ, ಆದ್ರೂ ಕರೀತಿದ್ದೀನಿ,
ಬ್ರಯನಿ ಏಳ್ತಾ ಇಲ್ಲ.
ಆಂಬುಲೆನ್ಸಿಗೆ ಹೇಳುತ್ತಲೇ ಹತ್ತಿದೆ,
ಅರವತ್ತೆರಡರ ಮೊಣಕಾಲು ಬೈಯುತ್ತಿತ್ತು.

ಬಾಗಿಲು ತೆರೆದಿತ್ತು.
ಆಗಲೇ ಹೊರಳಿಸಿದ್ದಳು ಗೆಳತಿಯನ್ನು,
ಅಂಗೈ ಕೆನ್ನೆಯಡಿ, ಮೊಣಕಾಲು ಮುಂದೆ,
ಗಾಬರಿಯಲ್ಲಿ ಬಲ ಮಗ್ಗುಲಿಗೆ.
ಇರಲಿ. ಮಗ್ಗುಲಾದರೆ ಸಾಕು.

ನೆಲದ ಮೇಲೆ ಕೂತು ಇಬ್ಬರೂ ಉಸಿರು ಎಣಿಸಿದೆವು.
ಹದಿಮೂರಕ್ಕೆ ಅವಳಿಗೆ ಲೆಕ್ಕ ತಪ್ಪಿತು.
ಅತ್ತಳು.
ಮತ್ತೆ ಒಂದರಿಂದ.